ಪಂಜರದ ಕೆಳಗಿದ್ದ ಗೆರಸೆ

ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ಮೂಲೆಯಿಂದ ಹುಳಿ ವಾಸನೆ ಬಂತು. ಮೊಳಕೆ ಬರಲೆಂದು ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿಯನ್ನು ಎರಡು ದಿನ ಮರೆತಿದ್ದೆ. ಗಂಟು ಬಿಚ್ಚಿದರೆ ಕಾಳು ಅಂಟಂಟು. ಮೊಳಕೆ ಬಿಳಿಯಾಗಿರದೆ ಕಂದಿತ್ತು. ಹಿಂದೆ ನಿಂತಿದ್ದ ಮಗಳು ಇಣುಕಿ ನೋಡಿ, "ತೊಳ್ದ್ರೆ ಆತಿಲ್ಯಾ ಅಮ್ಮ?" ಎಂದಳು.

ನಾನು ಹಿತ್ತಿಲಿಗೆ ಹೋಗಿ ಅಷ್ಟನ್ನೂ ಚೆಲ್ಲಿ, ಬಟ್ಟೆಯನ್ನೂ ಎಸೆದು ಬಂದೆ. ಅವಳಿಗೆ ಆಶ್ಚರ್ಯವಾಯಿತು. ಒಂದು ಮುಷ್ಟಿ ರಾಗಿಗೆ ಇಷ್ಟೊಂದು ಸಿಟ್ಟೇಕೆ ಎಂದುಕೊಂಡಿರಬೇಕು. ಆ ವಾಸನೆ ನನಗೆ ಹದಿನೆಂಟು ವರ್ಷದಿಂದ ಪರಿಚಯ...

ಆಗ ನಾವು ಬ್ರಹ್ಮಾವರದಲ್ಲಿದ್ದೆವು. ನಮ್ಮ ಅಂಗಳಕ್ಕೂ ಆಚೆಮನೆಯ ಅಂಗಳಕ್ಕೂ ನಡುವೆ ಮೊಣಕಾಲೆತ್ತರದ ಕಲ್ಲಿನ ಗೋಡೆಯೊಂದೇ ಅಡ್ಡ. ಆಚೆಮನೆಯಲ್ಲಿ ಇಬ್ಬರು ಹೆಂಗಸರು. ಹಿರಿಯವರನ್ನು ನನ್ನ ಅಮ್ಮ ಅಕ್ಕ ಎನ್ನುತ್ತಿದ್ದರಿಂದ ನನಗೂ ಅವರು ಅಕ್ಕ. ಇನ್ನೊಬ್ಬರು ಅವರ ನಾದಿನಿ, ಸಣ್ಣಕ್ಕ. ಅಕ್ಕನ ಗಂಡ ತೀರಿಕೊಂಡು ತುಂಬಾ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡನ ತಂಗಿಗೆ ಮದುವೆಯಾಗಿರಲಿಲ್ಲ. ಹೀಗೆ, ಇಲ್ಲದ ಒಬ್ಬ ಗಂಡಸಿನ ಹೆಸರಿನಲ್ಲಿ ಸಂಬಂಧಿಗಳಾದ ಇಬ್ಬರು ಒಂದೇ ಒಲೆಯಲ್ಲಿ ಉಂಡುಕೊಂಡಿದ್ದರು. ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ಒಬ್ಬರು ಬಾರದೆ ಇನ್ನೊಬ್ಬರು ಬಟ್ಟಲಿಗೆ ಕೈ ಹಾಕಿದ್ದನ್ನು ನಾನು ನೋಡಿಲ್ಲ.

ಅಕ್ಕನ ಕೆಲಸ ಬಾಣಂತಿಯರನ್ನು ನೋಡಿಕೊಳ್ಳುವುದು. ಹೆರಿಗೆಯಾದ ಮನೆಗೆ ಹೋಗಿ, ನಲವತ್ತು ದಿನ ಅಲ್ಲೇ ಉಳಿದು, ಮಗುವನ್ನು ಮೀಯಿಸಿ, ತಾಯಿಗೆ ಎಣ್ಣೆ ಹಚ್ಚಿ, ಪಥ್ಯದ ಅಡುಗೆ ಮಾಡಿ ಹಾಕುತ್ತಿದ್ದರು. ಕೋಟ, ಗುಲ್ವಾಡಿ, ಹಟ್ಟಿಯಂಗಡಿ, ಎಲ್ಲಿಂದಲೂ ಕರೆ ಬರುತ್ತಿತ್ತು. ಬೊಂಬಾಯಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರೂ ಕರೆಸಿಕೊಳ್ಳುತ್ತಿದ್ದರು. ಸಣ್ಣಕ್ಕ ಬೀಡಿ ಕಟ್ಟುತ್ತಿದ್ದರು. ಜಗಲಿಯ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕೂತರೆ ಊಟದ ಹೊತ್ತಿಗೇ ಏಳುವುದು. ಗೆರಸೆ ಎಂದರೆ ಮೊರ. ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಪುಡಿ.

ಹಕ್ಕಿಗಳು ಬಂದದ್ದು ಕುಂದಾಪುರದ ಒಂದು ಬಾಣಂತಿ ಮನೆಯಿಂದ. ಆ ಮನೆಯವರು ಕೂಸನ್ನು ಕಟ್ಟಿಕೊಂಡು ಗಲ್ಫಿಗೆ ಹೊರಟಾಗ, ಸಾಕಿದ್ದ ಆರು ಫಿಂಚುಗಳನ್ನು ಪಂಜರ ಸಮೇತ ಅಕ್ಕನಿಗೆ ಕೊಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಹಕ್ಕಿಗಳು. ಕೆಂಪು ಕೊಕ್ಕು, ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ಮಕ್ಕಳ ಆಟಿಕೆಯ ಪೀಪಿಯಂಥ ದನಿ. ಅಕ್ಕ ಅವನ್ನು ಪಿಂಚು ಎನ್ನುತ್ತಿದ್ದರು. ಪಂಜರ ಚಾವಡಿಯ ಕಿಟಕಿಯ ಬಳಿ ತೂಗುತ್ತಿತ್ತು.

ಕೊಟ್ಟವರು ಜೊತೆಗೆ ಅಂಗಡಿಯ ಕಾಳಿನ ಪೊಟ್ಟಣವೊಂದನ್ನೂ ಕೊಟ್ಟಿದ್ದರಂತೆ. ಅದು ಮುಗಿಯುವವರೆಗೆ ಅಕ್ಕ ಕಾದು ನೋಡಿದರು. ಆಮೇಲೆ ತಮ್ಮದೇ ಅಡುಗೆ ಶುರುಮಾಡಿದರು.

"ಕಾಣ್ ಹೆಣೆ, ಬಾಣಂತಿಗ್ ಬರೀ ಗಂಜಿ ಹಾಕಿರೆ ಮೈಯಂಗ್ ಎಂತ ಇರತ್ತ್? ಇವ್ಕೂ ಹಾಂಗೇ. ಬರೀ ನವಣಿ ಹಾಕಿರೆ ಹೊಟ್ಟಿ ತುಂಬತ್ತ್, ಅಷ್ಟೇ," ಎನ್ನುತ್ತಿದ್ದರು ನನಗೆ. ಹುಡುಗಿಯರನ್ನು ನಮ್ಮಲ್ಲಿ ಹೆಣೆ ಎಂದೇ ಕರೆಯುವುದು.

ನವಣೆ, ಸಾಮೆ, ಸ್ವಲ್ಪ ರಾಗಿ. ಮೂರನ್ನೂ ತೊಳೆದು, ಬಿಸಿಲಿಗೆ ಹರವಿ, ಕಲ್ಲು ಆರಿಸಿ ಡಬ್ಬಿಯಲ್ಲಿ ತುಂಬುತ್ತಿದ್ದರು. ಅದು ದಿನದ ಒಣ ಊಟ. ಅದೇ ಕಾಳನ್ನು ಒಂದೆರಡು ಚಮಚ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಿಳಿ ಚುಕ್ಕಿಯಷ್ಟು ಮೊಳಕೆ ಬಂದ ಕೂಡಲೇ ಕೊಡುತ್ತಿದ್ದರು. ಮೊಳಕೆ ಉದ್ದವಾಗಲು ಬಿಡುತ್ತಿರಲಿಲ್ಲ. ಹಿತ್ತಿಲಿನ ಹರಿವೆ, ಬಸಳೆಯ ಎಳೆ ಎಲೆ, ನುಗ್ಗೆಸೊಪ್ಪು ದಿನಕ್ಕೊಂದರಂತೆ; ನಿನ್ನೆ ಕೊಟ್ಟದ್ದು ಇವತ್ತಿಲ್ಲ. ಮುಳ್ಳುಸೌತೆಯ ಒಂದು ಬಿಲ್ಲೆ, ತುರಿದ ಕ್ಯಾರೆಟ್ ಚಿಟಿಕೆಯಷ್ಟು. ವಾರಕ್ಕೆರಡು ಸಲ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಪುಡಿಮಾಡಿ. ಮೊಟ್ಟೆಯ ಸಿಪ್ಪೆಯನ್ನೂ ಬಿಡುತ್ತಿರಲಿಲ್ಲ. ಕುದಿಸಿ, ಒಣಗಿಸಿ, ಕುಟ್ಟಿ ಒಂದು ಚಿಪ್ಪಿನಲ್ಲಿ ಇಡುತ್ತಿದ್ದರು. ಕೋಡಿಯ ಕಡಲ ದಂಡೆಗೆ ಹೋದವರ ಹತ್ತಿರ ಹೇಳಿ, ನಮ್ಮಲ್ಲಿ ಕಡಲ ನೊರೆ ಎನ್ನುವ ಬೊಂಡಾಸ ಜಾತಿಯ ಮೀನಿನ ಬಿಳಿ ಎಲುಬನ್ನು ತರಿಸಿ, ಉಪ್ಪು ಬಿಡುವವರೆಗೆ ಏಳೆಂಟು ದಿನ ಸಿಹಿನೀರಿನಲ್ಲಿ ಹಾಕಿಟ್ಟು, ಆಮೇಲೆ ಪಂಜರದ ಸರಿಗೆಗೆ ಸಿಕ್ಕಿಸುತ್ತಿದ್ದರು. ಹಕ್ಕಿಗಳು ಅದಕ್ಕೆ ಕೊಕ್ಕು ತಿಕ್ಕಿಕೊಂಡು ತಿನ್ನುತ್ತಿದ್ದವು.

ಸಣ್ಣಕ್ಕನಿಗೆ ಇದನ್ನೆಲ್ಲ ಕಂಡರೆ ಆಗುತ್ತಿರಲಿಲ್ಲ. ಅಥವಾ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. "ನಮಿಗ್ ಗಂಜಿ ಚಟ್ನಿ, ಅವ್ಕೆ ಮೊಟ್ಟಿ," ಎನ್ನುವುದು ಅವರ ಕಾಯಂ ಮಾತು. ಹೊಟ್ಟು ಹಾರಿಬಂದು ಬೀಡಿ ಎಲೆಯ ಮೇಲೆ ಬೀಳುತ್ತದೆ ಎಂದು ಗೊಣಗುತ್ತಿದ್ದರು. ಆದರೆ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿ ಬರುವಾಗ ಗದ್ದೆಯ ಅಂಚಿನಿಂದ ಎಳೆ ಹುಲ್ಲಿನ ತೆನೆ ಕಿತ್ತು, ಅಕ್ಕ ಒಳಗಿರುವ ಹೊತ್ತು ನೋಡಿ ಪಂಜರಕ್ಕೆ ಸಿಕ್ಕಿಸಿ ಹೋಗುತ್ತಿದ್ದವರು ಅವರೇ. ನಾನು ಗೋಡೆಯ ಈಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಅಕ್ಕ ಆ ಹುಲ್ಲನ್ನು ನೋಡಿ ನಾನು ತಂದದ್ದೆಂದು ತಿಳಿದಿದ್ದರು. ನಾನು ಅಲ್ಲವೆನ್ನಲಿಲ್ಲ. ಅದು ಸಣ್ಣ ಸುಳ್ಳು. ಆಗ ಸುಳ್ಳೆಂದೂ ಅನಿಸಿರಲಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕೂತು ಎರಡು ವರ್ಷವಾಗಿತ್ತು. ಆ ಮೇ ತಿಂಗಳ ಕೊನೆಗೆ ಅಕ್ಕನಿಗೆ ಬೊಂಬಾಯಿಯಿಂದ ಕರೆ ಬಂತು. ಪಂಜರ ಹೊತ್ತುಕೊಂಡು ಹೋಗುವಂತಿಲ್ಲ. ಹೊರಡುವ ಮೊದಲು ನಾಲ್ಕು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಯಾವ ಕಾಳು ಎಷ್ಟು, ಯಾವ ಸೊಪ್ಪು ಯಾವತ್ತು, ಮೊಟ್ಟೆ ಎಷ್ಟು ಹೊತ್ತು ಇಟ್ಟು ತೆಗೆಯಬೇಕು.

"ಮಳಿಗಾಲ. ಮೊಳ್ಕಿ ಬೇಗ ಹಾಳಾತ್ತ್. ಕೊಡುದಕ್ ಮೊದ್ಲ್ ಮೂಗಿಗ್ ಹಿಡ್ದ್ ಕಾಣ್ಕ್. ಹುಳಿ ವಾಸ್ನಿ ಬಂದ್ರೆ ತೊಳುದಲ್ಲ, ಚೆಲ್ಲುದ್. ಗೊತ್ತಾಯ್ತಾ?"

"ಗೊತ್ತಾಯ್ತ್ ಅಕ್ಕ."

"ಸಣ್ಣಕ್ಕನ ಹತ್ರ ಹೇಳ್ಲಾಗ್ದಾ?" ಎಂದು ನಾನು ಕೇಳಿದ್ದೆ. ಸಣ್ಣಕ್ಕ ಜಗಲಿಯಲ್ಲೇ ಇದ್ದರು.

"ಅವ್ಳ್ ಕೈಯಂಗ್ ಹೊಗಿಸೊಪ್ಪಿನ ಪುಡಿ ಇರತ್ತ್. ಬೇಡ. ನೀನೇ ಕಾಣ್ಕಣ್. ನೀನಿದ್ದಿ ಅಂದೇಳಿ ಹೋತೆ ನಾನ್."

ಜಗಲಿಯಲ್ಲಿ ಕತ್ತರಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮೊದಲ ಎರಡು ವಾರ ಎಲ್ಲವನ್ನೂ ಹೇಳಿದಂತೆ ಮಾಡಿದೆ. ಹಕ್ಕಿಗಳು ನನ್ನನ್ನು ಗುರುತಿಸತೊಡಗಿದ್ದವು. ಬಟ್ಟಲು ಹಿಡಿದು ಬಂದರೆ ಆರೂ ಕೆಳಗಿನ ಕಡ್ಡಿಗೆ ಇಳಿಯುತ್ತಿದ್ದವು. ಅಷ್ಟರಲ್ಲಿ ಮಳೆ ಹಿಡಿಯಿತು. ಜಗಲಿಗೆ ಇರಚಲು ಹೊಡೆಯುತ್ತಿದ್ದರಿಂದ ಸಣ್ಣಕ್ಕ ಗೆರಸೆಯನ್ನು ಒಳಗೆ ತಂದು ಚಾವಡಿಯ ಕಿಟಕಿಯಡಿ, ಪಂಜರದ ಕೆಳಗೆ ಕೂರತೊಡಗಿದರು. ಬೆಳಕಿದ್ದದ್ದು ಅಲ್ಲೊಂದೇ. ಬಟ್ಟಲುಗಳ ಮೇಲೆ ಪುಡಿ ಹಾರದಂತೆ ಹಳೆಯ ಪಂಚೆಯೊಂದನ್ನು ಪಂಜರದ ಕೆಳಭಾಗಕ್ಕೆ ಸುತ್ತಿ ಕಟ್ಟಿಯೂ ಇದ್ದರು. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಅದೇ ವಾರ ಕುಂದಾಪುರದ ಒಂದು ಶಾಲೆಯಿಂದ ನನಗೆ ಕರೆ ಬಂತು. ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಮೂರು ದಿನ ತಲೆಯಲ್ಲಿ ಅದೊಂದೇ. ಕಟ್ಟಿಟ್ಟ ಕಾಳನ್ನು ತೊಳೆಯುವುದು ಒಂದು ಹೊತ್ತು ತಪ್ಪಿತು, ಎರಡು ಹೊತ್ತು ತಪ್ಪಿತು. ಪಾಠದ ದಿನ ಬೆಳಿಗ್ಗೆ ಸೀರೆ ಉಟ್ಟು, ತಲೆ ಬಾಚಿಕೊಂಡು, ಗಂಟು ಬಿಚ್ಚಿದೆ. ಹುಳಿ ವಾಸನೆ ಬಂತು. ತುಂಬಾ ಅಲ್ಲ. ಇತ್ತು ಮಾತ್ರ. ಒಣ ಕಾಳಿನ ಡಬ್ಬಿಯೂ ಹಿಂದಿನ ದಿನ ಖಾಲಿಯಾಗಿತ್ತು. ಹೊಸದನ್ನು ಆರಿಸಿ ತುಂಬಲು ನನಗೆ ಪುರುಸೊತ್ತಾಗಿರಲಿಲ್ಲ. ಬಸ್ಸಿಗೆ ಹತ್ತು ನಿಮಿಷವಿತ್ತು. ಕೊಡದೆ ಹೋದರೆ ಸಂಜೆವರೆಗೆ ಉಪವಾಸ.

ಎರಡು ನೀರಿನಲ್ಲಿ ತೊಳೆದೆ. ಮೂಗಿಗೆ ಹಿಡಿದೆ. ವಾಸನೆ ಹೋಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಟ್ಟಲು ಒಳಗಿಟ್ಟು ಓಡಿದೆ.

ಪಾಠ ಚೆನ್ನಾಯಿತು. ಕೆಲಸ ಸಿಕ್ಕಿದೆ ಎಂದು ಅಲ್ಲೇ ಹೇಳಿದರು. ಸಂಜೆ ಬ್ರಹ್ಮಾವರದಲ್ಲಿ ಬಸ್ಸಿಳಿದು ಮನೆಗೂ ಹೋಗದೆ ನೇರ ಆಚೆಮನೆಗೆ ಹೋದೆ, ಸಣ್ಣಕ್ಕನಿಗೆ ಸುದ್ದಿ ಹೇಳಲು. ಅವರು ಗೆರಸೆ ಬದಿಗಿಟ್ಟು ಪಂಜರದ ಮುಂದೆ ನಿಂತಿದ್ದರು. ಹಕ್ಕಿಗಳು ಗರಿ ಉಬ್ಬಿಸಿಕೊಂಡು ತಳದಲ್ಲಿ ಕೂತಿದ್ದವು. ಒಂದರ ಕಣ್ಣು ಮುಚ್ಚಿತ್ತು.

"ಎಂತ ಹಾಕಿದ್ದೆ ಇವ್ಕೆ?" ಎಂದರು.

"ಯಾವಾಗ್ಳೂ ಹಾಕುದೇ ಸಣ್ಣಕ್ಕ."

ಅವರು ಕೈ ತೊಳೆದುಕೊಂಡು ಬಂದು ಬಟ್ಟಲನ್ನು ಹೊರಗೆ ತೆಗೆದರು. ಉಳಿದ ಕಾಳನ್ನು ಮೂಗಿನ ಹತ್ತಿರ ಹಿಡಿದರು. ನನ್ನ ಮುಖ ನೋಡಿದರು. ಬಟ್ಟಲನ್ನು ತೆಗೆದುಕೊಂಡು ಹೋಗಿ ಬೂದಿ ಹಾಕಿ ತಿಕ್ಕಿ ತೊಳೆದರು.

ಮುಂದಿನ ಎರಡು ದಿನ ಅವರು ಬೀಡಿ ಕಟ್ಟಲಿಲ್ಲ. ಹಕ್ಕಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು, ಆರಿಸಿದ ಬಿಸಿನೀರನ್ನು ಹತ್ತಿಯಲ್ಲಿ ಅದ್ದಿ ಕೊಕ್ಕಿಗೆ ಮುಟ್ಟಿಸುತ್ತಿದ್ದರು. ಪಶುವೈದ್ಯರಲ್ಲಿಗೆ ನಾನು ಹೋಗಿ ಕೇಳಿದೆ. ದನ ನಾಯಿಗಳ ಔಷಧಿ ಮಾತ್ರ ಇದೆ, ಇಷ್ಟು ಸಣ್ಣ ಹಕ್ಕಿಗೆ ಹೇಗೆ ಕೊಡುವುದೆಂದು ತಿಳಿಯದು ಎಂದರು. ಮೂರನೆಯ ದಿನ ಮಧ್ಯಾಹ್ನದೊಳಗೆ ಆರೂ ಸತ್ತವು. ಸಣ್ಣಕ್ಕ ಬಸಳೆ ಚಪ್ಪರದ ಬುಡದಲ್ಲಿ ಹೊಂಡ ತೋಡಿ ಹೂತರು. ಮಳೆನೀರು ತುಂಬಿಕೊಳ್ಳುತ್ತಿದ್ದ ಆ ಹೊಂಡವನ್ನು ಅವರು ಎರಡು ಸಲ ತೋಡಬೇಕಾಯಿತು.

ಅಕ್ಕ ವಾರಕ್ಕೊಮ್ಮೆ ನಮ್ಮ ಮನೆಗೆ ಫೋನು ಮಾಡುತ್ತಿದ್ದರು. "ಹಕ್ಕಿ ಹ್ಯಾಂಗಿತ್ತ್ ಹೆಣೆ?"

"ಲಾಯ್ಕಿತ್ತ್ ಅಕ್ಕ."

ಮೂರು ವಾರ ಹಾಗೆಯೇ ಹೇಳಿದೆ. ಮೂರನೆಯ ಸಲ ದನಿ ನಡುಗಲಿಲ್ಲ ಕೂಡ.

ಅಕ್ಕ ಬಂದದ್ದು ಒಂದು ಬೆಳಿಗ್ಗೆ. ನಾನು ಶಾಲೆಗೆ ಹೊರಟಿದ್ದೆ. ಗೋಡೆಯಾಚೆಯಿಂದ ಕರೆದರು. ಹೋದೆ. ಅವರ ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ಖಾಲಿ ಪಂಜರದ ಬಾಗಿಲು ತೆರೆದು, ಒಳಗೆ ಕೈಯಾಡಿಸಿ ನೋಡುತ್ತಿದ್ದರು. ಬೊಂಬಾಯಿಯಿಂದ ತಂದಿದ್ದ ಎರಡು ಸಣ್ಣ ಬಿದಿರಿನ ಗೂಡುಗಳು ಕಾಲ ಬಳಿ ಇದ್ದವು, ಹಕ್ಕಿ ಮೊಟ್ಟೆಯಿಡಲು.

"ಎಂತ ಆಯ್ತ್?" ಎಂದರು.

ಹುಷಾರು ತಪ್ಪಿತು, ಮೂರು ದಿನದಲ್ಲಿ ಎಲ್ಲವೂ ಹೋದವು ಎಂದೆ. ಅಷ್ಟು ಸತ್ಯವೇ.

"ಹುಷಾರ್ ತಪ್ಪುದ್ ಒಂದಕ್ ತಪ್ಪತ್ತ್, ಎರಡಕ್ ತಪ್ಪತ್ತ್. ಆರಕ್ಕೂ ಒಂದೇ ದಿನ ತಪ್ಪುಕೆ ಎಂತ ತಿಂದೊ?"

ಅಕ್ಕನ ಕಣ್ಣು ಕಿಟಕಿಯ ಕೆಳಗೆ ಹೋಯಿತು. ಅಲ್ಲಿ ನೆಲದ ಮೇಲೆ ಹೊಗೆಸೊಪ್ಪಿನ ಕಂದು ಪುಡಿ ಅಂಟಿಕೊಂಡು ಉಳಿದಿತ್ತು.

"ಅವ್ಳ್ ಗೆರ್ಸಿ ಎಲ್ಲಿ ಇಟ್ಕಣ್ತಿದ್ಲ್?"

ಸಣ್ಣಕ್ಕ ಆ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ಅಕ್ಕನಿಗೆ ಚಾದ ಲೋಟ.

ಹೇಳಲು ಎರಡು ಮಾತು ಸಾಕಿತ್ತು. ತಪ್ಪು ನನ್ನದು. ಹುಳಿ ಕಾಳು ಹಾಕಿದೆ. ಅಕ್ಕ ಬೈಯುತ್ತಿದ್ದರು, ನಾಲ್ಕು ದಿನ ಮಾತು ಬಿಡುತ್ತಿದ್ದರು, ಅಷ್ಟೇ. ನನಗೆ ಅದೂ ಬೇಡವಾಗಿತ್ತು. ಹೊಸ ಸೀರೆ ಉಟ್ಟುಕೊಂಡು, ಹೊಸ ಕೆಲಸಕ್ಕೆ ಹೊರಟು ನಿಂತಿದ್ದೆ. ಅಕ್ಕನ ಕಣ್ಣಲ್ಲಿ ನಾನು ಒಳ್ಳೆಯವಳಾಗಿಯೇ ಇರಬೇಕಿತ್ತು.

"ಇಲ್ಲೇ ಅಕ್ಕ," ಎಂದೆ. "ಪಂಜರದ್ ಅಡಿಗೆ."

ಅದೂ ಸತ್ಯವೇ.

ಅಕ್ಕ ತಿರುಗಿ ಸಣ್ಣಕ್ಕನನ್ನು ನೋಡಿದರು. "ಇಪ್ಪತ್ತ್ ವರ್ಷ ಒಂದೇ ಒಲಿ ಮುಂದ್ ಕೂತದ್ದ್ ನಾವ್. ನಿಂಗ್ ಅಷ್ಟ್ ಮತ್ಸರ ಇದ್ದಿತ್ತಾ?"

ಸಣ್ಣಕ್ಕ ಅಕ್ಕನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರು. ಎಷ್ಟು ಹೊತ್ತು ಕಾದರೋ... ನನಗೆ ಬಹಳ ಹೊತ್ತೆಂದು ನೆನಪು. ಆಮೇಲೆ ಲೋಟವನ್ನು ನೆಲದ ಮೇಲಿಟ್ಟು, "ಹೌದ್. ಗೆರ್ಸಿ ಅಲ್ಲೇ ಇದ್ದಿತ್ತ್," ಎಂದು ಒಳಗೆ ಹೋದರು.

ನಾಲ್ಕನೆಯ ದಿನ ಅವರು ಬೈಂದೂರಿಗೆ ಹೊರಟರು, ದೂರದ ಸಂಬಂಧಿಯೊಬ್ಬರ ಮನೆಗೆ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಎರಡು ಸೀರೆ, ಕತ್ತರಿ. ಗೆರಸೆಯನ್ನು ಕಂಕುಳಲ್ಲಿ ಇರುಕಿಕೊಂಡಿದ್ದರು. ನಾನು ಕಿಟಕಿಯಿಂದ ನೋಡಿದೆ. ಅಕ್ಕ ಹೊರಗೆ ಬರಲಿಲ್ಲ.

ಅಕ್ಕ ಮತ್ತೆ ಹಕ್ಕಿ ಸಾಕಲಿಲ್ಲ. ಬಿದಿರಿನ ಗೂಡುಗಳನ್ನು ಒಲೆಗೆ ಹಾಕಿದರು. ನನ್ನ ಮೇಲಿನ ಪ್ರೀತಿ ಮಾತ್ರ ಹೆಚ್ಚಾಯಿತು. ಪಾಪ, ಆ ಹೆಣ್ಣು ಅಷ್ಟು ದಿನ ಜೀವ ತೇಯ್ದು ನೋಡಿಕೊಂಡಿತು, ಹಾಳು ಮಾಡಿದವರು ಬೇರೆ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಕೇಳುತ್ತಾ ನಾನು ಊಟ ಮಾಡುತ್ತಿದ್ದೆ.

ಮೂರು ವರ್ಷದ ನಂತರ ನನಗೆ ಹೆರಿಗೆಯಾದಾಗ ನಲವತ್ತು ದಿನ ನನ್ನನ್ನು ನೋಡಿಕೊಂಡವರು ಅವರೇ. ಬೇರೆ ಎರಡು ಮನೆಯ ಕರೆಯನ್ನು ಬಿಟ್ಟು ಬಂದಿದ್ದರು. ಎಣ್ಣೆ ಹಚ್ಚಿ ಬೆನ್ನು ನೀವಿದರು. ಕರಿಮೆಣಸಿನ ಸಾರು, ಬೆಳ್ಳುಳ್ಳಿ ಅನ್ನ, ಒಂದು ದಿನ ಮಾಡಿದ್ದು ಮರುದಿನವಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ನನ್ನ ಮಗಳನ್ನು ಮೀಯಿಸುವಾಗ ಅವರು ಹಾಡು ಹೇಳುತ್ತಿರಲಿಲ್ಲ. ಕೂಸಿನ ಜೊತೆ ಊರ ಸುದ್ದಿ ಮಾತಾಡುತ್ತಿದ್ದರು. ಮಗಳು ಸುಮ್ಮನೆ ಕೇಳುತ್ತಿದ್ದಳು.

ಒಂದು ದಿನ ನನ್ನ ಬೆನ್ನಿಗೆ ಬಿಸಿನೀರು ಹೊಯ್ಯುತ್ತಿದ್ದವರು ತಂಬಿಗೆ ಹಿಡಿದು ನಿಂತರು.

"ಹೆಣೆ, ಅವತ್ತ್ ನಾ ಅವ್ಳಿಗ್ ಜಾಸ್ತಿ ಹೇಳ್ದೆನಾ?"

ಯಾರಿಗೆ, ಯಾವತ್ತು ಎಂದು ಕೇಳುವ ಅಗತ್ಯವಿರಲಿಲ್ಲ. ಬಚ್ಚಲಲ್ಲಿ ನಾವಿಬ್ಬರೇ. ಅವರು ನನ್ನ ಹಿಂದೆ ನಿಂತಿದ್ದರಿಂದ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅದಕ್ಕಿಂತ ಸುಲಭದ ಹೊತ್ತು ನನಗೆ ಮತ್ತೆ ಸಿಗುವಂತಿರಲಿಲ್ಲ.

"ಕಣ್ಣಿಗ್ ನೀರ್ ಹೋಯ್ತ್ ಅಕ್ಕ," ಎಂದೆ. ಅವರು ಸೆರಗಿನಿಂದ ನನ್ನ ಕಣ್ಣೊರೆಸಿದರು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಕ್ಕ ತೀರಿಕೊಂಡದ್ದು ಕಳೆದ ವರ್ಷ. ಕೊನೆಯ ಎರಡು ತಿಂಗಳು ಹಾಸಿಗೆಯಲ್ಲೇ ಇದ್ದರು. ಎಷ್ಟೋ ಬಾಣಂತಿಯರ ಬಾಯಿಗೆ ಅನ್ನವಿಟ್ಟ ಹೆಂಗಸಿಗೆ ಗಂಜಿ ತಿನ್ನಿಸಿದವರು ಪಾಳಿಯಲ್ಲಿ ಬರುತ್ತಿದ್ದ ಅಕ್ಕಪಕ್ಕದವರು. ಬೈಂದೂರಿಗೆ ಸುದ್ದಿ ಕಳಿಸಲೇ ಎಂದು ನಾನು ಒಮ್ಮೆ ಕೇಳಿದೆ. "ಅವ್ಳಾಗೇ ಬಂದ್ರೆ ಬರ್ಲಿ," ಎಂದು ಗೋಡೆಯ ಕಡೆ ತಿರುಗಿದರು. ಸಣ್ಣಕ್ಕ ಬರಲಿಲ್ಲ. ಸತ್ತ ಸುದ್ದಿ ಮುಟ್ಟಿಸಿದ ಮೇಲೂ ಬರಲಿಲ್ಲ.

ರಾಗಿ ಚೆಲ್ಲಿದ ಆ ವಾರದ ಭಾನುವಾರ ನಾನು ಬೈಂದೂರಿನ ಬಸ್ಸು ಹತ್ತಿದೆ. ವಿಳಾಸ ಹುಡುಕಲು ಕಷ್ಟವಾಗಲಿಲ್ಲ. ಸಣ್ಣಕ್ಕ ಹೊರಗಿನ ಮಾಡಿನಡಿ ಕೂತು, ಹಿಡಿಸೂಡಿ ಎನ್ನುವ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಕೀಸುತ್ತಿದ್ದರು. ಬೀಡಿ ಬಿಟ್ಟು ಬಹಳ ಕಾಲವಾಯಿತಂತೆ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಹ್ವಾಯ್, ಯಾರದ್?" ಎಂದವರು ನನ್ನ ಗುರುತು ಹತ್ತಿದ ಮೇಲೂ ಕೈಯ ಕತ್ತಿಯನ್ನು ಕೆಳಗಿಡಲಿಲ್ಲ. ಮಣೆಯೊಂದನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ನಾನು ಕೂತು ಎಲ್ಲವನ್ನೂ ಹೇಳಿದೆ. ಒಂದು ಗಂಟು ಕಾಳು, ಎರಡು ನೀರು, ಹತ್ತು ನಿಮಿಷದ ಬಸ್ಸು. ಅವರು ಕಡ್ಡಿ ಕೀಸುತ್ತಲೇ ಇದ್ದರು.

"ಗೊತ್ತಿದ್ದಿತ್ತ್ ನಂಗೆ," ಎಂದರು. "ಬಟ್ಲ್ ತೊಳ್ದದ್ ನಾನಲ್ದಾ."

"ಮತ್ತೆ ಎಂತಕ್ ಹೇಳ್ಲಿಲ್ಲ ಸಣ್ಣಕ್ಕ, ಅವತ್ತೇ?"

"ಅವ್ಳ್ ನನ್ ಹತ್ರ ಕೇಂಡಿದ್ರೆ ಹೇಳ್ತಿದ್ದೆ. ಅವ್ಳ್ ಕೇಂಡದ್ ನಿನ್ ಹತ್ರ."

ಒಂದು ಗರಿ ಮುಗಿಯಿತು. ಇನ್ನೊಂದನ್ನು ಎಳೆದುಕೊಂಡರು.

"ಅವ್ಳ್ ಬದ್ಕಿ ಇಪ್ಪತಿಗೆ ಬಂದ್ ಹೇಳಿದ್ರೆ ನಾ ಒಂದ್ಸಲ ಹೋಯಿ ಬತ್ತಿದ್ದೆ. ಅಷ್ಟೇ ಬೇಕಾದ್ದ್ ನಂಗೆ. ಈಗ ಹೇಳ್ದೆ. ನಿಂಗ್ ಹಗುರ ಆಯ್ತ್. ನಂಗ್ ಎಂತ ಆಯ್ತ್?"

ಅವರು ಕೀಸಿದ ಕಡ್ಡಿಗಳನ್ನು ಒಟ್ಟುಮಾಡಿ ನೆಲಕ್ಕೆ ಕುಟ್ಟಿ ತುದಿ ಸಮ ಮಾಡಿಕೊಂಡರು. ಆಮೇಲೆ ನನ್ನ ಮುಖ ನೋಡದೆ, "ಬಸ್ ಬಪ್ಪ ಹೊತ್ತಾಯ್ತ್," ಎಂದರು. ನಾನು ಎದ್ದೆ. ಚಾ ಕುಡಿದು ಹೋಗು ಎನ್ನಲಿಲ್ಲ. ನಮ್ಮ ಕಡೆ ಹಗೆಯವರಿಗೂ ಹಾಗೆ ಅನ್ನುವುದುಂಟು.

ಇದಾಗಿ ಕೆಲವು ತಿಂಗಳಾಯಿತು. ಆಚೆಮನೆಗೆ ಈಗ ಬೀಗ. ಅಮ್ಮನನ್ನು ನೋಡಲು ಬ್ರಹ್ಮಾವರಕ್ಕೆ ಹೋದಾಗಲೆಲ್ಲ ಗೋಡೆಯ ಈಚೆ ನಿಂತು ಆ ಬೀಗ ನೋಡುತ್ತೇನೆ. ನನ್ನ ಮಾತು ಬೇಕಾಗಿದ್ದ ಒಬ್ಬರು ಇಲ್ಲ. ಇರುವ ಇನ್ನೊಬ್ಬರಿಗೆ ಅದು ಬೇಡ.